ಗುರುಬಸವರಾಜ ತೆಗೆದ ಒಂದು ಎಲೆ

"ಹಗಲೊತ್ತಿನ್ಯಾಗ ಅಂಗಡಿಯೊಳಗ ಇಸ್ಪೀಟಾ? ಚಲೋ ಐತಿ ಬಿಡ್ರಿ ನಿಮ್ಮ ಯಾಪಾರ!"

ಚಂದನಾ ಗುರುಬಸವರಾಜನಿಗೆ ಆಡಿದ ಮೊದಲ ಮಾತೇ ಬೈಗುಳ. ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಎದುರು ಅವನದೊಂದು ಹಳೆ ಪುಸ್ತಕದ ಅಂಗಡಿ. ಅವಳು ಕಾನ್ವೆಂಟಿನಲ್ಲಿ ಯುಕೆಜಿ ಮಕ್ಕಳಿಗೆ ಎಬಿಸಿಡಿ ತಿದ್ದಿಸುವ ಟೀಚರ್. ಡಿಕ್ಷನರಿ ಹುಡುಕಿಕೊಂಡು ಬಂದರೆ, ಈ ಮಹಾನುಭಾವ ಗಿರಾಕಿಯ ಕಡೆ ತಲೆಯೆತ್ತಿಯೂ ನೋಡದೆ ಮೇಜಿನ ತುಂಬ ಎಲೆ ಹರಡಿಕೊಂಡು ಕೂತಿದ್ದ.

"ಇಸ್ಪೀಟಲ್ರಿ ಟೀಚರ್, ಇದು ಟ್ಯಾರೋ ಅಂತ, ಭವಿಷ್ಯ ನೋಡೋ ಎಲಿ," ಎಂದು ಅವನು ಗಡಬಡಿಸಿ ಎದ್ದ. "ಹಂಪಿಗೆ ಬಂದಿದ್ದ ಯಾರೋ ಫಾರಿನ್‌ನೋರು ಬಿಟ್ಟು ಹೋಗ್ಯಾರ. ಹೊಸಪೇಟಿ ರದ್ದಿ ಜೊತಿ ನನ್ನತ್ರ ಬಂತು. ಇದರ ಸಂಗಾಟ ಎರಡು ಪುಸ್ತಕ ಅದಾವ, ನನ್ನ ಇಂಗ್ಲಿಷ್ ಅವುಕ್ಕ ಸಾಲವಲ್ದು."

ಡಿಕ್ಷನರಿ ತೆಗೆದುಕೊಂಡು ಹೋಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೇಲಿನ ಎಲೆಯೊಂದು ಚಂದನಾಳ ಕಣ್ಣಿಗೆ ಬಿತ್ತು. ಆಕಾಶ ನೋಡುತ್ತಾ ನಡೆಯುವ ಹುಡುಗ, ಅವನ ಕಾಲ ಮುಂದೆ ದೊಡ್ಡ ಪ್ರಪಾತ, ಹಿಂದೊಂದು ನಾಯಿಮರಿ.

"ಅಯ್ಯ, ಈತ ನಮ್ಮ ಗುಡೇಕೋಟಿ ಗುಡ್ಡದಾಗ ಕುರಿ ಬಿಟ್ಟು ಕನಸು ಕಾಣೋರಂಗ ಅದಾನಲ್ಲ!" ಎಂದಳು. ಅವನು ನಕ್ಕ. ನಕ್ಕಾಗ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂಬುದನ್ನು ಅವಳು ನೋಡಬಾರದಿತ್ತು, ನೋಡಿಬಿಟ್ಟಳು.

ಎರಡು ಪುಸ್ತಕಗಳಲ್ಲಿ ಒಂದು ಇಟ್ಟಿಗೆಯಷ್ಟು ದಪ್ಪ. ಅದರ ತುಂಬ ಗ್ರಹಗಳು, ಯಾವುದೋ ಹಳೆಯ ಲಿಪಿಯ ಅಕ್ಷರಗಳು, ಹತ್ತು ಹಣ್ಣು ಬಿಟ್ಟ ಮರದಂಥ ಚಿತ್ರ. ಇನ್ನೊಂದು ಸಣ್ಣದು, ಈಗಷ್ಟೇ ಕಲಿಯುವವರಿಗೆ. ಚಂದನಾ ನಿಂತಲ್ಲೇ ಅದರ ಮೊದಲ ಪುಟ ಓದಿ ಕನ್ನಡದಲ್ಲಿ ಹೇಳಿದಳು: "ದಿನಕ್ಕ ಒಂದ ಎಲಿ ತಗೀಬೇಕಂತ. ದಪ್ಪ ಪುಸ್ತಕ ತೆರೆಯೋಕಿಂತ ಮೊದ್ಲು ಚಿತ್ರ ಕಣ್ತುಂಬ ನೋಡಿ, ಕಂಡದ್ದನ್ನ ಬಾಯಿಬಿಟ್ಟು ಹೇಳ್ಬೇಕಂತ."

"ಯಾರಿಗೆ ಹೇಳ್ಬೇಕ್ರಿ, ಗ್ವಾಡಿಗೇನು?"

"ಅದು ಬರ್ದಿಲ್ಲ."

"ಹಂಗಾದ್ರ ನಾಳಿ ನೀವ ಬರ್ರಿ," ಎಂದ ಅವನು, ಪುಸ್ತಕಕ್ಕೆ ಧೂಳು ಒರೆಸುತ್ತಾ, ಒರೆಸಲು ಧೂಳೇ ಇಲ್ಲದಿದ್ದರೂ.

ಬಂದಳು. ಮರುದಿನವೂ ಬಂದಳು. ಶಾಲೆಯ ಗಂಟೆ ಹೊಡೆದ ಮೇಲೆ ಅಕ್ಕ ಶಿವಮ್ಮನ ಮನೆಗೆ ಹೋಗುವ ದಾರಿ ಅದೇಕೋ ಬಸ್‌ಸ್ಟ್ಯಾಂಡ್ ಸುತ್ತಿಕೊಂಡೇ ಹೋಗತೊಡಗಿತು. ಮೊದಮೊದಲು 'ಅಣ್ಣಾರ' ಎನ್ನುತ್ತಿದ್ದವಳು ಆಮೇಲೆ ಬರೀ 'ರೀ' ಎನ್ನತೊಡಗಿದಳು. ಅವನದನ್ನು ಗಮನಿಸಿದ. ಗಮನಿಸಿದ್ದನ್ನು ಅವಳೂ ಗಮನಿಸಿದಳು.

ತೆನೆಗಳ ನಡುವೆ ರಾಣಿಯೊಬ್ಬಳು ದಿಂಬಿಗೊರಗಿ ಕೂತಿರುವ ಎಲೆ ಬಂದ ದಿನ ಅವನೆಂದ: "ಈಕಿ ಮೆಕ್ಕಿಜೋಳ ಮಾರಾಕ ಬಂದಾಳ. ರೇಟು ಚಲೋ ಸಿಕ್ಕೈತಿ, ಅದಕ್ಕ ಹಿಂಗ ಕುಂತಾಳ. ದಪ್ಪ ಪುಸ್ತಕ ಏನಂತೈತಿ?"

ದಪ್ಪ ಪುಸ್ತಕ ಪ್ರೀತಿ, ಬಸಿರು, ಶುಕ್ರಗ್ರಹ ಅಂತೆಲ್ಲ ಬರೆದಿತ್ತು. ಚಂದನಾಳ ಕಿವಿ ಬಿಸಿಯಾಯಿತು. "ಬೆಳಿ ಚಲೋ ಬರ್ತೈತಂತ," ಎಂದು ಪುಸ್ತಕ ಮುಚ್ಚಿದಳು.

"ಅಷ್ಟಕ್ಕ ಎರಡು ಪುಟ ಬರ್ದಾರೇನು?"

"ಸುಮ್ನಿರ್ರಿ!"

ಇನ್ನೊಂದು ದಿನ ಬಂದ ಎಲೆಯಲ್ಲಿ ಒಬ್ಬ ಗಂಡು, ಒಬ್ಬ ಹೆಣ್ಣು, ಇಬ್ಬರ ಮೈಮೇಲೂ ಬಟ್ಟೆಯಿಲ್ಲ. ಅವನು ಅದನ್ನು ಗಬಕ್ಕನೆ ಕಟ್ಟಿನ ಕೆಳಗೆ ತಳ್ಳಿ, "ಕೊಟ್ಟೂರು ಬಸ್ ಬಂತು ನೋಡ್ರಿ" ಎಂದ. ಇಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ನೋಡಿದರು. ಯಾವ ಬಸ್ಸೂ ಬಂದಿರಲಿಲ್ಲ.

ಚಂದನಾ ಆ ದಿನಗಳಲ್ಲಿ ಸುಖವಾಗಿದ್ದಳು. ಮಕ್ಕಳು ಗಲಾಟೆ ಮಾಡಿದರೂ ಸಿಟ್ಟು ಬರುತ್ತಿರಲಿಲ್ಲ.

ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುತ್ತಾರಲ್ಲ, ಹಾಗಾಯಿತು. ಒಂದು ಸಂಜೆ ಹೋದರೆ ಮೇಜು ಖಾಲಿ. "ಎಲಿ ಮಾರಿಬಿಟ್ಟೆ ಟೀಚರ್," ಎಂದ ಗುರುಬಸವರಾಜ, ಅವಳ ಮುಖ ನೋಡದೆ. ಎಲೆಗಳ ಪೆಟ್ಟಿಗೆಯ ಮೂಲೆ ಮಾತ್ರ ಮೇಜಿನ ಕೆಳಗಿಂದ ಇಣುಕುತ್ತಿತ್ತು. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ತಿರುಗಿ ಹೋದಳು.

ಅದೇ ವಾರ ಶಿವಮ್ಮ ಹೊಸ ಸುದ್ದಿ ತಂದಳು. "ಹಡಗಲಿಯಿಂದ ಹೆಣ್ಣು ನೋಡಾಕ ಬರ್ತಾರ, ಐತವಾರ. ಮಲ್ಲಿಗಿ ಯಾಪಾರದ ಮಂದಿ. ಅಪ್ಪ ಆಗ್ಲೇ ಹ್ಞೂಂ ಅಂದಾನ. ನಿನ್ನ ಮನಸ್ಸಿನ್ಯಾಗ ಏನಾರ ಇದ್ರ ಈಗ ಹೇಳು, ಆಮ್ಯಾಲ ಹೇಳಬ್ಯಾಡ."

ಏನು ಹೇಳುವುದು? ಮನಸ್ಸಿನಲ್ಲಿ ಇದ್ದವನು ಬಾಯಿ ಬಿಟ್ಟಿಲ್ಲ. ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಶುಕ್ರವಾರ ಶಾಲೆ ಬಿಟ್ಟದ್ದೇ ತಡ, ಅವಳು ಸೀದಾ ಅಂಗಡಿಗೆ ನುಗ್ಗಿ ಮೇಜಿನ ಕೆಳಗಿಂದ ಪೆಟ್ಟಿಗೆ ಎಳೆದು ಮುಂದಿಟ್ಟಳು.

"ಇದನ್ನ ಯಾರಿಗೆ ಮಾರಿದ್ರಿ? ಮೇಜಿನ ಕಾಲಿಗೇನು?"

ಗುರುಬಸವರಾಜ ಇಂಗು ತಿಂದ ಮಂಗನಂತಾದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಐತವಾರ ಹಡಗಲಿಯಿಂದ ನನ್ನ ನೋಡಾಕ ಬರ್ತಾರ, ಅಪ್ಪ ಹ್ಞೂಂ ಅಂದಾನ," ಎಂದಳು. "ನಿಮಗ ನಾನು ಬ್ಯಾಡಾದ್ರ ಬ್ಯಾಡ ಅನ್ರಿ. ಸುಳ್ಳು ಯಾಕ ಹೇಳ್ತೀರಿ?"

"ಬ್ಯಾಡ ಅಂದೋರ್ಯಾರು?" ಅವನು ಪೆಟ್ಟಿಗೆಯ ಮುಚ್ಚಳ ತೆಗೆದ. "ನಾನ ಒಂದಿನ ಒಬ್ನ ಕುಂತು ಒಂದು ಎಲಿ ತಗದೆ. ನಿಮ್ಮನ್ನ ಕೇಳ್ಲೋ ಬ್ಯಾಡೋ ಅಂತ ಮನಸಿನ್ಯಾಗ ನೆನಸಿ ತಗದೆ. ಈತ ಬಂದ."

ಅವನು ಎಲೆಯನ್ನು ಮೇಜಿನ ಮೇಲಿಟ್ಟ. ಗುಡ್ಡದ ತುದಿಯಲ್ಲಿ ಒಬ್ಬನೇ ಮುದುಕ. ಮೈತುಂಬ ಕಂಬಳಿಯಂಥ ಬಟ್ಟೆ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಲಾಟೀನು.

"ನಮ್ಮಜ್ಜ ಮೈಲಪ್ಪ ಥೇಟ್ ಹಿಂಗ ಅದಾನ. ಮೈಲಾರಲಿಂಗನ ಗೊರವಯ್ಯ, ಕಂಬಳಿ ಹೊದ್ದು ಮನಿಮನಿಗೆ ಭಿಕ್ಷಾಕ್ಕ ಹೋಗೋನು. ದೇವ್ರ ಬಂದು ಒಬ್ನ ಇರು ಅಂದಂಗಾತು. ಡಿಕ್ಷನರಿ ಹಿಡ್ದು ನೋಡಿದೆ, ದಪ್ಪ ಪುಸ್ತಕದಾಗೂ ಏಕಾಂತ ಅಂತ ಐತಿ."

"ಹಂಗಾದ್ರ ಇನ್ನೊಂದು ತಗೀಬೇಕಿತ್ತು."

"ಕಾರ್ಣಿಕ ಎರಡು ಸಲ ಕೇಳ್ತಾರೇನ್ರಿ?"

ಈಗ ಅವಳಿಗೆ ಅರ್ಥವಾಯಿತು. ಮೈಲಾರದಲ್ಲಿ ಗೊರವಯ್ಯ ಎತ್ತರದ ಬಿಲ್ಲೇರಿ ವರ್ಷಕ್ಕೊಂದೇ ಭವಿಷ್ಯದ ಮಾತು ನುಡಿಯುತ್ತಾನೆ, ಅದೇ ಕಾರ್ಣಿಕ. ಇನ್ನೊಮ್ಮೆ ಹೇಳು ಎನ್ನುವಂತಿಲ್ಲ, ವರ್ಷವಿಡೀ ಅದೇ ಮಾತು. ಯಾವ ದೇಶದ್ದೋ ಎಲೆಗೆ ಈ ಹುಡುಗ ಬಿಲ್ಲೇರಿದ ಗೊರವಯ್ಯನ ಗೌರವ ಕೊಟ್ಟು ಕೂತಿದ್ದಾನೆ. ಅವಳಿಗೆ ನಗು ಬಂತು. ಇಷ್ಟು ದಿನ ತನ್ನನ್ನು ಬೇಡವೆಂದೇ ದೂರ ಮಾಡಿದ್ದಾನೆ ಎಂದುಕೊಂಡಿದ್ದ ಎದೆ ಹಗುರಾಯಿತು.

"ಅಲ್ರೀ, ನಿಮ್ಮಜ್ಜ ಒಬ್ನ ಇದ್ದಿದ್ರ ನೀವು ಎಲ್ಲಿಂದ ಬಂದ್ರಿ?"

ಆ ಲೆಕ್ಕ ಅವನಿಗೆ ಹೊಳೆದಿರಲಿಲ್ಲ.

"ಕಾರ್ಣಿಕ ನುಡಿಯೋದು ಒಂದ ಮಾತು, ಖರೆ. ಅರ್ಥ ಮಾತ್ರ ಊರಿಗೊಂದು ಮಾಡ್ತಾರ. ನಾನೂ ಒಂದು ಮಾಡ್ತೀನಿ, ಕೇಳ್ರಿ." ಚಂದನಾ ಎಲೆಯನ್ನು ಅವನ ಕಡೆ ತಿರುಗಿಸಿದಳು. "ಕುರಿಹಟ್ಟಿಯಾಗ ನಮ್ಮಪ್ಪ ಕತ್ತಲದಾಗ ಓಡಾಡಬೇಕಾದ್ರ ಲಾಟೀನು ಮೊಣಕಾಲಿನ ಹತ್ರ ಹಿಡೀತಾನ. ಮುಳ್ಳು, ಹುಳ ಕಾಣಬೇಕಲ್ಲ. ನಮ್ಮವ್ವ ಬುತ್ತಿ ತರೋ ಹೊತ್ತಿಗೆ ಮಾತ್ರ ತೆಲಿಮಟ ಎತ್ತಿ ಹಿಡೀತಾನ. ಈತ ಎಲ್ಲಿ ಹಿಡ್ದಾನ ನೋಡ್ರಿ."

ಅವನು ನೋಡಿದ. ಮುದುಕನ ಕೈ ಮುಖಕ್ಕಿಂತ ಮೇಲಿತ್ತು.

"ಯಾರೋ ಬರೋರದಾರ," ಎಂದ ಮೆಲ್ಲಗೆ.

"ಬಂದು ನಿಂತು ಭಾಳ ಹೊತ್ತಾತು," ಎಂದಳು ಚಂದನಾ. ಧೈರ್ಯ ಅಲ್ಲಿಗೆ ಮುಗಿಯಿತು, ತಲೆ ತಗ್ಗಿತು.

ಅವನ ಕೈ ಕಟ್ಟಿನ ಕಡೆ ಹೋಯಿತು. "ಇನ್ನೊಂದು ತಗದು ನೋಡೋಣೇನು?"

ಅವಳು ಕಟ್ಟಿನ ಮೇಲೆ ಅಂಗೈ ಇಟ್ಟಳು. "ಅದನ್ನ ಬಿಡ್ರಿ. ನನ್ನ ಕೇಳ್ರಿ."

ಅವನು ಆ ಅಂಗೈಯ ಮೇಲೆ ತನ್ನ ಕೈ ಇಟ್ಟ. "ನನ್ನ ಮದಿವಿ ಆಗ್ತೀಯೇನು?" ಎಂದ. 'ರಿ' ಬಿಟ್ಟುಹೋದದ್ದು ಅವನಿಗೇ ತಿಳಿಯಲಿಲ್ಲ, ಅವಳಿಗೆ ತಿಳಿಯಿತು.

"ಹ್ಞೂಂ."

"ಕೇಳಿಸ್ಲಿಲ್ಲ."

"ಹ್ಞೂಂ ಅಂದೆ! ಕಿವುಡ!"

ಅವನ ಎಡಗೆನ್ನೆಯ ಗುಳಿ ಮರಳಿ ಬಂತು. ಮರುಕ್ಷಣವೇ ಮಾಯವಾಯಿತು. "ಐತವಾರ ಹಡಗಲಿಯೋರು ಬರ್ತಾರಲ್ಲ. ನಿಮ್ಮಪ್ಪ ಮಾತು ಕೊಟ್ಟಾನ."

"ಕೊಟ್ಟಿಲ್ಲ, ಬರ್ರಿ ಅಂದಾನ ಅಷ್ಟ. ನೀವು ನಾಳಿ ಹೋಗ್ರಿ ಗುಡೇಕೋಟಿಗೆ, ನಮ್ಮಪ್ಪನತ್ರ."

"ಹೋದ್ರ? ರದ್ದಿ ಮಾರೋನಿಗೆ ಮಗಳ್ನ ಕೊಡ್ತಾನೇನು?"

ಚಂದನಾ ಬಾಗಿಲ ತನಕ ಹೋಗಿ ನಿಂತಳು. ತಿರುಗಿ ನೋಡಿದಾಗ ಅವಳ ಕಣ್ಣಲ್ಲಿ ಕುರಿಹಟ್ಟಿಯ ಹುಡುಗಿಯ ತುಂಟತನವೆಲ್ಲ ತುಂಬಿತ್ತು.

"ಒಬ್ರ ಹೋಗಬ್ಯಾಡ್ರಿ. ಅಜ್ಜನ್ನ ಮುಂದ ಬಿಟ್ಟು ನೀವು ಹಿಂದ ನಿಲ್ರಿ. ಬಾಗಿಲಿಗೆ ಬಂದ ಗೊರವಯ್ಯನ್ನ ನಮ್ಮಪ್ಪ ಇವತ್ತಿನತನಕ ಬರಿಗೈಲಿ ಕಳಿಸಿಲ್ಲ."