ಸತ್ತ ಹುಳ, ಹಸಿರೆಲೆ

ಮೂರು ತೊಟ್ಟಿ, ಆರುನೂರು ಹುಳ — ಒಂದೂ ಉಳಿದಿರಲಿಲ್ಲ.

ಬೆಳಿಗ್ಗೆ ಸುಮನಾ ತೊಟ್ಟಿಗಳಿಗೆ ಹೊದಿಸಿದ್ದ ಸೊಳ್ಳೆಪರದೆ ಸರಿಸಿದಾಗ ಪುಟ್ಟ ಬೂದು ಹುಳಗಳು ಕಾಲು ಮೇಲೆ ಮಾಡಿ ನೀರಿನಲ್ಲಿ ತೇಲುತ್ತಿದ್ದವು. ಕಡಬದ ಕೆರೆಯನ್ನು ಮುಚ್ಚಿರುವ ಅಂತರಗಂಗೆ ಕಳೆಯನ್ನು ತಿನ್ನಲೆಂದೇ ಅವಳು ಬೆಂಗಳೂರಿನಿಂದ ತಂದು, ಹಿತ್ತಲ ಪ್ಲಾಸ್ಟಿಕ್ ತೊಟ್ಟಿಗಳಲ್ಲಿ ಅದೇ ಗಿಡ ಹಾಕಿ ನಾಲ್ಕು ತಿಂಗಳು ಸಾಕಿದ ಮೂತಿಹುಳಗಳು. ಸಂಜೆ ಪಂಚಾಯಿತಿ ಸಭೆ. ಅಲ್ಲಿ ಹುಳ ತೋರಿಸದಿದ್ದರೆ ಕೆರೆಗೆ ಕಳೆನಾಶಕ ಹೊಡೆಯುವ ಗುತ್ತಿಗೆ ಔಷಧಿ ವ್ಯಾಪಾರಿ ಕಾಂತೇಶನ ಪಾಲು.

"ಅಳ್ತಾ ಕೂರೋಳಲ್ಲ ನಾನು. ಯಾರು ಅಂತ ಹೇಳಿ ಮೇಡಂ, ಸಾಕು," ಎಂದಳು ಸುಮನಾ.

ಮೇಡಂ ಎಂದರೆ ವನಜಮ್ಮ, ಗುಬ್ಬಿಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ನಾನು ಅವರ ಪಕ್ಕದ ಮನೆಯ ಮೇಷ್ಟ್ರು. ಅವರಿಗೆ ಸ್ಕೂಟರ್ ಬಾರದ್ದರಿಂದ ಇಂಥ ಕಡೆಗೆಲ್ಲ ನಾನೇ ಸಾರಥಿ. ನನಗಂತೂ ಅಪರಾಧಿ ಆಗಲೇ ಸಿಕ್ಕಿದ್ದ.

ಕಾಂತೇಶನನ್ನು ಕರೆಸಿದೆವು.

"ನಿನ್ನೆ ಎಲ್ಲಿದ್ದೆ?" ವನಜಮ್ಮ ಕೇಳಿದರು.

"ನಿಟ್ಟೂರಲ್ಲಿ, ಮದುವೆ ಊಟಕ್ಕೆ. ಹುಳ ಸಾಯ್ಸಕ್ಕೆ ನಂಗೇನ್ ಹುಚ್ಚಾ?"

ಹುಳದ ಮಾತನ್ನು ಯಾರೂ ಎತ್ತಿರಲಿಲ್ಲ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ನಿನ್ನ ಗೋಡೌನ್ ತುಂಬ ಔಷಧಿ ಇದೆಯಲ್ಲಪ್ಪ?" ನಾನು ಬಾಯಿ ಹಾಕಿದೆ.

"ಇದೆ ಸಾರ್. ಊರಿಗೆಲ್ಲ ಗೊತ್ತು. ಹುಳ ಸತ್ತಿದ್ದೂ ಊರಿಗೆಲ್ಲ ಗೊತ್ತು. ಏನೀಗ?"

ವನಜಮ್ಮ ನನ್ನತ್ತ ತಿರುಗಲೂ ಇಲ್ಲ. ಒಂದು ಗಿಡ ಎತ್ತಿ, ಎಲೆಗಳ ಬುಡ ಬಿಡಿಸಿ, ಬೆರಳು ಉಜ್ಜಿ ನೋಡಿದರು.

"ನಿನ್ನೆ ಇಲ್ಲಿಗೆ ಯಾರ್ ಬಂದಿದ್ರಮ್ಮ?"

"ದೊಡ್ಡಪ್ಪ ಒಬ್ರೇ. ನಾನು ಕೆರೆ ಹತ್ರ ಹೋಗಿದ್ದೆ."

ದೊಡ್ಡಪ್ಪ ಮಹಾಲಿಂಗಯ್ಯನವರು ಪಂಚಾಯಿತಿ ಸದಸ್ಯರು, ತೆಂಗಿನ ತೋಟದವರು. ಗೋಡೆಗೆ ಒರಗಿ ನಿಂತಿದ್ದರು.

"ನಿಮ್ ತೋಟಕ್ಕೆ ಕೆಂಪುಮೂತಿ ಹುಳ ಬಿದ್ದಿತ್ತಾ?"

"ಬಿದ್ದಿತ್ತಾ ಅಂದ್ರೆ? ಮೂವತ್ತು ಮರ ತಿಂದಾಕ್ತು!"

"ಅದಕ್ಕೇನ್ ಮಾಡಿದ್ರಿ?"

"ಸುಳಿಗೆ ಮರಳು—" ಮಾತು ಅಲ್ಲೇ ನಿಂತಿತು.

ವನಜಮ್ಮ ಗಿಡವನ್ನು ನನ್ನ ಕೈಗಿತ್ತರು. "ಮೇಷ್ಟ್ರೇ, ನೀವು ಸತ್ತ ಹುಳ ನೋಡಿದ್ರಿ, ಹಸಿರೆಲೆ ನೋಡ್ಲಿಲ್ಲ. ಕಳೆನಾಶಕ ಆಗಿದ್ರೆ ಎಲೆ ಸುಡ್ತಿತ್ತು. ಹಗೆಯವ್ರಾದ್ರೆ ವಿಷಾನ ನೀರಿಗೆ ಸುರಿದು ಓಡ್ತಾರೆ. ಇಲ್ಲಿ ಒಂದೊಂದು ಗಿಡದ ಸುಳಿಗೂ, ತೆಂಗಿಗೆ ಇಡೋ ಹಾಗೆ, ಮರಳಲ್ಲಿ ಕಲಸಿದ ಔಷಧಿ ಇಟ್ಟವ್ರೆ — ಹುಳ ಸಾಯ್ಲಿ, ಗಿಡ ಉಳೀಲಿ ಅಂತ. ಕಳೆಗೂ ಇಷ್ಟು ಜೋಪಾನ ಮಾಡೋದು ತೆಂಗು ಸಾಕಿದ ಕೈ. ಕೊಂದವ್ರು ಮಹಾಲಿಂಗಯ್ಯನೋರು."

ಮಹಾಲಿಂಗಯ್ಯ ತಲೆ ತಗ್ಗಿಸಲಿಲ್ಲ.

"ಹೂಂ ಕಣವ್ವ, ನಾನೇ. ಅದೇ ಮೂತಿ! ಮರಿ ಇರ್ಬೇಕು, ಬೆಳೆದ್ರೆ ತೋಟಕ್ಕೆ ಬೀಳ್ತವೆ ಅಂದ್ಕಂಡೆ."

"ಮೂತಿ ಬಂದ ಮೇಲೆ ಹುಳ ಬೆಳೆಯಲ್ಲ ದೊಡ್ಡಪ್ಪ!" ಸುಮನಾ ಗದರಿದಳು. "ಇವು ಹಸಿದು ಸತ್ರೂ ತೆಂಗು ಮುಟ್ಟಲ್ಲ. ನನ್ನ ಒಂದ್ ಮಾತು ಕೇಳಿದ್ರಾ? ಮತ್ತೆ ತರ್ತೀನಿ. ಈ ಸಲ ತೊಟ್ಟಿ ಇಡೋದು ನಿಮ್ಮ ತೋಟದಲ್ಲೇ, ತೆಂಗಿನ ಸಸಿ ಮಗ್ಗುಲಲ್ಲೇ. ಸಭೇಲಿ ನಾಲ್ಕು ತಿಂಗಳು ಟೈಮ್ ಕೊಡಿ ಅಂತ ನೀವೇ ಎದ್ದು ಕೇಳ್ಬೇಕು."

"ಒಂದ್ ಸಸಿಗೆ ತೂತು ಬಿದ್ರೆ?"

"ಕೆರೆ ಕಾಂತೇಶಂದು. ನಾನು ಅಡ್ಡ ಬರಲ್ಲ."

ಕಾಂತೇಶ ಕಿಸಕ್ಕನೆ ನಕ್ಕ. ಮಹಾಲಿಂಗಯ್ಯ ಟವೆಲ್ ಕೊಡವಿ ಹೆಗಲಿಗೆ ಹಾಕಿ, ತೊಟ್ಟಿಯ ಒಂದು ಅಂಚು ಹಿಡಿದರು.

"ನಗ್ತೀಯೇನ್ಲಾ? ಹಿಡಿ ಆ ಕಡೆ. ತೊಳ್ದು ತೋಟಕ್ಕೆ ಒಯ್ಬೇಕು ಇದ್ನ."