ಬಾಟಲಿಯೊಳಗಿನ ವಿಭೂತಿ

“ಅಜ್ಜೀ... ಬಾಟಲಿ ಎಲ್ಲಿಟ್ಟೆ? ಅದನ್ನ ಮುಟ್ಟಬೇಡ ಅಂದಿದ್ದೆನಲ್ಲ!”

ಬಚ್ಚಲಮನೆಯ ಗೋಡೆಗೆ ಒರಗಿ ಕುಳಿತಿದ್ದ ಶಾಂಭವಿಯ ದನಿ ಹೊರಗೆ ಬಂತೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಬೆಳಗಿನ ಬಿಸಿಲು ಒದ್ದೆ ನೆಲದ ಮೇಲೆ ಬಿದ್ದಿತ್ತು. ಹೊಟ್ಟೆಯ ನೋವು ನಿಂತಿತ್ತು. ಅದು ಹೀಗೆ ಒಮ್ಮೆಲೇ ನಿಂತರೆ ಏನರ್ಥ ಅನ್ನುವುದು ಅವಳಿಗೆ ಗೊತ್ತಿತ್ತು. ಇದು ನಾಲ್ಕನೆಯ ಸಲ. ಅಳು ಬರಲಿಲ್ಲ. ಕಣ್ಣೆದುರೇ ಬಸ್ಸು ಹೋಗಿಬಿಟ್ಟಾಗ ಆಗುವಂಥ ಸುಸ್ತೊಂದು ಮೈತುಂಬ ಹರಡಿತ್ತು, ಅಷ್ಟೇ.

“ಎಲ್ಲೂ ಹೋಗಿಲ್ಲ, ನನ್ನ ಹತ್ರಾನೇ ಇದೆ. ನೀನು ಏಳು ಮೊದಲು, ಆಸ್ಪತ್ರೆಗೆ ಹೋಗೋಕೆ ವೀರಪ್ಪನ ವ್ಯಾನ್ ಬಂದಿದೆ” ಎಂದರು ಹೊರಗಿನಿಂದ ಮಹಾಂತಮ್ಮ.

ಮಹಾಂತಮ್ಮ ಅವಳಿಗೆ ಅಜ್ಜಿಯಾಗಿದ್ದು ಮೊದಲು, ಅತ್ತೆಯಾಗಿದ್ದು ಆಮೇಲೆ. ತಾಯಿಯ ತಮ್ಮ ಮಲ್ಲೇಶನಿಗೇ ಶಾಂಭವಿಯನ್ನು ಕೊಟ್ಟಿದ್ದರು. ಹೊಳೆಹೊನ್ನೂರಿನಿಂದ ಭದ್ರಾವತಿಯ ಜನ್ನಾಪುರಕ್ಕೆ ಬರುವಾಗ, ಅಜ್ಜಿಯ ಮನೆಗೆ ತಾನೇ ಹೋಗುವುದು ಎಂದು ಅವಳು ನಗುತ್ತಲೇ ಬಂದಿದ್ದಳು. ಚಿಕ್ಕಂದಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹೇನು ಹೆಕ್ಕಿದ ಕೈಯೇ ಒಂದು ದಿನ ತಟ್ಟೆಯನ್ನು ಕುಕ್ಕಿ ಇಡಬಹುದು ಎಂದು ಯಾರಿಗೆ ಗೊತ್ತಿತ್ತು! ಎರಡನೆಯ ಸಲ ಗರ್ಭ ಹೋದಾಗ ಅಜ್ಜಿಯ ಮಾತು ಕಡಿಮೆಯಾಯಿತು. ಮೂರನೆಯ ಸಲ ಹೋದಾಗ ಮಾತು ಮರಳಿ ಬಂತು, ಆದರೆ ಅದು ಅತ್ತೆಯ ಮಾತಾಗಿತ್ತು.

“ಈ ಸಲವೂ ನಿಲ್ಲದಿದ್ರೆ ನಿನ್ನ ತಂಗಿ ಸ್ಫೂರ್ತಿನ ಮಲ್ಲೇಶಂಗೆ ಮಾಡ್ಕೋತೀವಿ. ಹೊರಗಿನವಳು ಬಂದ್ರೆ ನಿನ್ನನ್ನ ಇಟ್ಕೋತಾಳಾ? ತಂಗಿಯಾದ್ರೆ ಒಂದು ತುತ್ತು ಹಾಕ್ತಾಳೆ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು ಮಾರಾಯ್ತಿ.”

ಸ್ಫೂರ್ತಿ ಶಿವಮೊಗ್ಗದ ಹಾಸ್ಟೆಲ್ಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದಳು. ಅವಳಿಗೆ ಇದೊಂದೂ ಗೊತ್ತಿರಲಿಲ್ಲ.

ಅದೇ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಸಮತಾ, ಮತ್ತೆ ಮತ್ತೆ ಗರ್ಭ ಕಳೆದುಕೊಳ್ಳುವ ಹೆಂಗಸರ ಬಗ್ಗೆ ಸಂಶೋಧನೆ ನಡೆಸುತ್ತಿದ್ದರು. ಶಾಂಭವಿಯ ರಕ್ತವನ್ನು ಅವರು ಆಗಲೇ ಬೆಂಗಳೂರಿಗೆ ಕಳಿಸಿ ನೋಡಿಸಿದ್ದರು. ದೋಷವಿರಲಿಲ್ಲ. ಗಂಡನದೂ ಬೇಕು ಎಂದಾಗ ಮಹಾಂತಮ್ಮ ಸಿಡಿದಿದ್ದರು. “ಬಸುರಿ ಆಗೋದು ಇವಳು, ರಕ್ತ ಕೊಡೋದು ನನ್ನ ಮಗನಾ?” ಮಲ್ಲೇಶ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಫ್ಯಾಕ್ಟರಿಗೆ ಹೊತ್ತಾಯಿತು ಎಂದು ಸೈಕಲ್ ಹತ್ತಿದ.

ಉಳಿದಿದ್ದು ಡಾಕ್ಟರ್ ಕೊಟ್ಟಿದ್ದ ಬಾಟಲಿ. “ಹೀಗೆ ಮತ್ತೆ ಆಗದೇ ಇರಲಿ. ಆಗಿಬಿಟ್ಟರೆ ಮಾತ್ರ ಅದನ್ನ ಈ ನೀರಿಗೆ ಹಾಕಿ ತಂದುಬಿಡಿ. ಬೇರೆ ಏನೂ ಸೋಕಬಾರದು. ಆ ಜೀವಕೋಶಗಳನ್ನ ಬೆಳೆಸಿ ನೋಡಿದ್ರೆ ತಪ್ಪು ಎಲ್ಲಿಂದ ಬಂತು ಅಂತ ಹೇಳಬಹುದು” ಎಂದಿದ್ದರು ಡಾಕ್ಟರ್. ಶಾಂಭವಿ ಅದನ್ನು ಸೀರೆಗಳ ನಡುವೆ ಇಟ್ಟುಕೊಂಡಿದ್ದಳು. ತಂಗಿಯನ್ನು ಉಳಿಸಲು ಅವಳ ಬಳಿ ಇದ್ದದ್ದು ಅದೊಂದೇ.

ವ್ಯಾನಿನಲ್ಲಿ ದಾರಿಯುದ್ದಕ್ಕೂ ಬಾಟಲಿ ಮಹಾಂತಮ್ಮನ ಸೆರಗಿನೊಳಗೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಡಾಕ್ಟರ್ ಸಮತಾ ವಾರ್ಡಿಗೆ ಬಂದರು. ಕೈಯಲ್ಲಿ ಅದೇ ಬಾಟಲಿ. ತಿಳಿಯಾಗಿರಬೇಕಿದ್ದ ನೀರು ಗಂಜಿಯ ಹಾಗೆ ಬೆಳ್ಳಗಾಗಿತ್ತು.

“ಇದಕ್ಕೆ ಏನು ಹಾಕಿದ್ರಿ?”

“ಏನಿಲ್ಲಮ್ಮ... ಬಿಸಿನೀರಲ್ಲಿ ತೊಳೆದು, ವಿಭೂತಿ ಹಚ್ಚಿ ಒಳಗಿಟ್ಟೆ” ಎಂದರು ಮಹಾಂತಮ್ಮ.

ಡಾಕ್ಟರ್ ಮಂಚದ ಅಂಚಿಗೆ ಕುಳಿತುಬಿಟ್ಟರು. “ಇನ್ನು ಇದರಲ್ಲಿ ಏನೂ ಬೆಳೆಯಲ್ಲ, ಶಾಂಭವಿ.”

ಶಾಂಭವಿ ಎದ್ದು ಕುಳಿತಳು. ಬೆಳಗಿನಿಂದ ಬಾರದಿದ್ದ ಅಳು ಈಗ ಕಿತ್ತುಕೊಂಡು ಬಂತು.

“ಬೇಕೂ ಅಂತ ಮಾಡ್ದೆ ಅಲ್ವಾ ಅಜ್ಜಿ? ನಿನ್ನ ಮಗನ ಮೇಲೆ ಮಾತು ಬರಬಾರದು ಅಂತ! ನನ್ನನ್ನ ಮೂಲೆಗೆ ಹಾಕು, ತುತ್ತು ಅನ್ನವೂ ಬೇಡ... ಸ್ಫೂರ್ತಿ ಏನು ಮಾಡಿದ್ದಳು ನಿನಗೆ? ಅವಳೂ ಇದೇ ಬಚ್ಚಲಲ್ಲಿ ಹೀಗೇ ಕೂರಬೇಕಾ?”

“ಇಷ್ಟಲಿಂಗದ ಆಣೆ, ಬೇಕೂ ಅಂತ ಮಾಡಲಿಲ್ಲ ಕಣೇ!” ಮುದುಕಿ ಕೊರಳಲ್ಲಿದ್ದ ಲಿಂಗವನ್ನು ಹಿಡಿದುಕೊಂಡರು. “ಹುಟ್ಟಿದ್ರೆ ಲಿಂಗ ಕಟ್ಟಿಸ್ತಿದ್ವಿ. ಅದೂ ಇಲ್ಲದೆ, ಒಂದು ಚೂರು ವಿಭೂತಿನೂ ಇಲ್ಲದೆ, ಬಾಟಲೀಲಿ ಹೇಗೆ ಕಳಿಸ್ಲಿ? ನನ್ನವನ್ನ ಹಾಗೇ ಕಳಿಸಿಬಿಟ್ರಲ್ಲ... ನಮ್ಮತ್ತೆ ಮೊರದಲ್ಲಿ ಹಾಕ್ಕೊಂಡು ಹೋಗಿ ಗೊಬ್ಬರದ ಗುಂಡಿಗೆ ಸುರಿದ್ಲು. ಒಂದಕ್ಕೂ ವಿಭೂತಿ ಹಚ್ಚೋಕೆ ಬಿಡಲಿಲ್ಲ.”

ವಾರ್ಡಿನ ಫ್ಯಾನು ಕಿರ್ರೆನ್ನುತ್ತ ತಿರುಗುತ್ತಿತ್ತು.

“ನಿಮಗೂ ಹೋಗಿದ್ದುವಾ?” ಡಾಕ್ಟರ್ ಮೆಲ್ಲಗೆ ಕೇಳಿದರು.

“ಇವಳ ಅವ್ವ ಹುಟ್ಟಿದ ಮೇಲೆ ಬರೀ ಹೋದವೇ. ಕೊನೆಗೆ ಮಲ್ಲೇಶ ಒಬ್ಬ ಉಳ್ಕೊಂಡ. ಲೆಕ್ಕ ಯಾರಿಟ್ರು?”

ಡಾಕ್ಟರ್ ಗದರಲಿಲ್ಲ. ನಿಧಾನವಾಗಿ ಹೇಳಿದರು. ಮೈಯೊಳಗೆ ತಂದೆತಾಯಿಯ ಗುಣಗಳನ್ನು ಮಕ್ಕಳಿಗೆ ದಾಟಿಸುವ ವರ್ಣತಂತು ಅಂತ ಇರುತ್ತವೆ, ಒಂದರ ತುಂಡು ಇನ್ನೊಂದಕ್ಕೆ ಅಂಟಿಕೊಂಡುಬಿಡಬಹುದು, ಹಾಗಿದ್ದವರು ಗಟ್ಟಿಮುಟ್ಟಾಗಿಯೇ ಬದುಕುತ್ತಾರೆ, ಅವರ ಮಕ್ಕಳು ಮಾತ್ರ ಕೆಲವು ಉಳಿಯುತ್ತವೆ, ಕೆಲವು ಉಳಿಯುವುದಿಲ್ಲ. “ತಾಯಿಯಿಂದ ಮಗನಿಗೆ ಬಂದಿದ್ರೂ ಬಂದಿರಬಹುದು. ಹಾಗಿದ್ರೆ ಅವರಿಗೆ ಯಾರನ್ನ ತಂದು ಮದುವೆ ಮಾಡಿದ್ರೂ ಹೀಗೇ ಆಗುತ್ತೆ. ಇದು ಯಾರ ತಪ್ಪೂ ಅಲ್ಲ, ಅಮ್ಮ. ಆದರೆ ತಿಳಿಯಬೇಕು ಅಂದ್ರೆ ರಕ್ತ ಬೇಕು.”

ಫ್ಯಾಕ್ಟರಿಯಿಂದ ಹಾಗೇ ಬಂದ ಮಲ್ಲೇಶ ಬಾಗಿಲಲ್ಲಿ ನಿಂತಿದ್ದ. ಎಷ್ಟನ್ನು ಕೇಳಿಸಿಕೊಂಡಿದ್ದನೋ. ಎಂದಿನಂತೆ ತಾಯಿಯ ಮುಖ ನೋಡಿದ.

ಮಹಾಂತಮ್ಮ ಮಗನತ್ತ ನೋಡಲಿಲ್ಲ. ಕುಪ್ಪಸದ ತೋಳನ್ನು ಮೇಲಕ್ಕೇರಿಸಿದರು. ಬಳೆಗಳು ಸಡಿಲವಾಗಿ ಮಣಿಕಟ್ಟಿಗೆ ಜಾರಿದವು.

“ಮೊದಲು ನನ್ನದು ತಗೊಳ್ಳಿ. ಆಮೇಲೆ ಅವನದು. ಬಾರೋ ಇಲ್ಲಿ, ಹೆದರಬೇಡ... ಸೂಜಿ ಅಷ್ಟೇ.”

ಫಲಿತಾಂಶ ಬರುವ ಹೊತ್ತಿಗೆ ದೀಪಾವಳಿ ಕಳೆದಿತ್ತು. ಡಾಕ್ಟರ್ ಊಹಿಸಿದ್ದೇ ನಿಜ: ತಾಯಿಯಲ್ಲಿದ್ದದ್ದು ಮಗನಲ್ಲಿಯೂ ಇತ್ತು. ಪ್ರಯತ್ನಪಟ್ಟರೆ ಒಂದು ನಿಲ್ಲಲೂಬಹುದು, ಇನ್ನೂ ಕೆಲವು ಹೋಗಲೂಬಹುದು ಎಂದರು ಅವರು. ಹಿಂತಿರುಗುವ ಬಸ್ಸಿನಲ್ಲಿ ಮಲ್ಲೇಶ ಹೆಂಡತಿಯ ಕೈಯನ್ನು ಎಲ್ಲರೆದುರೂ ಹಿಡಿದುಕೊಂಡ. ಹಿಂದೆಂದೂ ಹಾಗೆ ಹಿಡಿದವನಲ್ಲ. ಶಾಂಭವಿ ಕೈ ಬಿಡಿಸಿಕೊಳ್ಳಲಿಲ್ಲ, ಒತ್ತಲೂ ಇಲ್ಲ.

ಮನೆಯಲ್ಲಿ ಮಹಾಂತಮ್ಮ ಅವಳಿಗೆ ಬಿಸಿ ಗಂಜಿ ತಂದಿಟ್ಟರು. ತಟ್ಟೆಯ ಸದ್ದಾಗಲಿಲ್ಲ.

“ಇನ್ನೊಂದು ಸಲ... ಏನಂತೀಯ?”

“ಸಾಕು ಅಜ್ಜಿ. ನನ್ನ ಕೈಲಾಗಲ್ಲ.”

ವಂಶ, ಹೆಸರು, ತೊಟ್ಟಿಲು, ಮುದುಕಿಗೆ ಹೇಳಬಹುದಾದದ್ದು ಎಷ್ಟೋ ಇತ್ತು. ಒಂದನ್ನೂ ಹೇಳಲಿಲ್ಲ. ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ಮಗನಿಗೆ ಕೂಗಿ ಹೇಳಿದರು:

“ಮಲ್ಲೇಶ, ಬೂತಿಗೆ ಹೋಗಿ ಸ್ಫೂರ್ತಿ ಹಾಸ್ಟೆಲ್ಲಿಗೆ ಫೋನ್ ಮಾಡು. ಪರೀಕ್ಷೆ ಚೆನ್ನಾಗಿ ಬರಿಬೇಕಂತೆ ಅನ್ನು... ಅಜ್ಜಿ ಹೇಳಿದ್ರು ಅನ್ನು.”