ಸತ್ತ ಬಳ್ಳಿಗಳ ಕೋಣೆ

"ಬಂದೇಸಾಬನೇ ಕೊಂದಾನ್ರಿ, ಗಂಗಾಬಾಯಾರ! ಇನ್ನೊಂದು ಬೀಗದಕೈ ಇದ್ದದ್ದು ಅವನ ಕಡೆ ಅಷ್ಟ."

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಪದ್ಮಜಾ ಅತ್ತು ಅತ್ತು ಕಣ್ಣು ಕೆಂಪು ಮಾಡಿಕೊಂಡಿದ್ದಳು. ಗಂಗಾಬಾಯಿ ವಕೀಲಿಕೆ ಬಿಟ್ಟ ಮೇಲೂ ಪೊಲೀಸರತ್ತ ಒಯ್ಯಲಾಗದ ತಂಟೆಗಳನ್ನು ಸವಣೂರಿನ ಜನ ಅವರ ಬಳಿಗೇ ತರುತ್ತಿದ್ದರು. ಅವರ ಕೈಕೆಳಗೆ ಕಲಿತ ನಾನು ಅಂದೂ ಜೊತೆಗೆ ಹೊರಟೆ.

ಸತ್ತದ್ದು ವೀಳ್ಯದೆಲೆಯ ಬಳ್ಳಿಗಳು. ಬಂದೇಸಾಬನ ಅಜ್ಜನ ಕಾಲದ ತಳಿ. ರೋಗ ಬಂದು ತೋಟ ಹಾಳಾದಾಗ ಉಳಿದ ಕೊನೆಯ ಕುಡಿಗಳನ್ನು ಅವನು ಪದ್ಮಜಾಳಿಗೆ ಒಪ್ಪಿಸಿದ್ದ. ಅವಳು ಅವನ್ನು ಮನೆಯೊಳಗಿನ ಕೋಣೆಯಲ್ಲಿ, ಕುಂಡಗಳಲ್ಲಿ ಬೆಳೆಸಿದ್ದಳು. ನೀರಿನ ವ್ಯವಸ್ಥೆ ಗಂಡ ಸುಮೇಧನದು. ಒಂದು ಕುಂಡದ ಮಣ್ಣಿನಲ್ಲಿ ತೇವ ಅಳೆಯುವ ಸೆನ್ಸರ್ ಕಡ್ಡಿ. ಮಣ್ಣು ಒಣಗಿದರೆ ಪಂಪ್ ತಾನಾಗಿಯೇ ಎಲ್ಲ ಕುಂಡಗಳಿಗೂ ನೀರು ಬಿಡುತ್ತದೆ, ಒದ್ದೆಯಾದರೆ ನಿಲ್ಲುತ್ತದೆ. ಗಂಡ ಹೆಂಡತಿ ಹಾನಗಲ್ಲಿನ ಮದುವೆ ಮುಗಿಸಿ, ಹಾಗೆಯೇ ಉಡುಪಿಗೂ ಹೋಗಿ ಮರಳಿದಾಗ ಬಳ್ಳಿಗಳೆಲ್ಲ ಕಪ್ಪಾಗಿದ್ದವು.

ಕೋಣೆಯಲ್ಲಿ ಕೊಳೆತ ನಾತ. ಕುಂಡಗಳ ತಟ್ಟೆಯಲ್ಲಿ ನೀರು ನಿಂತಿತ್ತು. ಕಡ್ಡಿ ಮಣ್ಣಿನಲ್ಲೇ ಇತ್ತು.

"ಮೊಬೈಲಿಗೆ ದಿನಾ 'ಮಣ್ಣು ಒಣಗಿದೆ' ಅಂತ ಬರ್ತಿತ್ರಿ," ಎಂದಳು ಪದ್ಮಜಾ. "ಬ್ಯಾಸಗಿ, ಅದಕ್ಕ ಅಂತ ಸುಮ್ಮನಿದ್ದೆ."

"ಊರಿಂದ ಬಂದಾಗ ಮದಲ ಒಳಗ ಹೋದವರು ಯಾರು?"

"ಇವರು. ನಾ ಹೊರಗ ಸಾಮಾನು ಇಳಿಸಾಕತ್ತಿದ್ದೆ. ಬಂದೇಸಾಬ ನಾ ಫೋನ್ ಮಾಡಿದ ಮ್ಯಾಲ ಬಂದ."

"ಮದುವಿ ಮನಿ ಬಿಟ್ಟು ಸುಮೇಧ ಎಲ್ಲ್ಯರ ಹೋಗಿದ್ನೇನು?"

"ಮಾವನ್ನ ಕರ್ಕೊಂಡ ಬರಾಕ ಯಲವಿಗಿ ಸ್ಟೇಶನ್ನಿಗೆ ಹೋಗಿದ್ರು, ಮದುವಿ ದಿನ ಮಧ್ಯಾಹ್ನ."

ಗಂಗಾಬಾಯಿ ಅವಳ ಮೊಬೈಲ್ ಇಸಿದುಕೊಂಡು ತೇವದ ಗೆರೆಯನ್ನು ಬಹಳ ಹೊತ್ತು ನೋಡಿದರು. ಮರುದಿನ ಸಂಜೆ ಮೂವರನ್ನೂ ಅದೇ ಕೋಣೆಗೆ ಕರೆಸಿದರು.

"ಮಣ್ಣು ನಿಧಾನಕ್ಕ ಒಣಗತದ. ಇಲ್ಲಿ ನೋಡ್ರಿ, ಮದುವಿ ದಿನ ಮಧ್ಯಾಹ್ನ ಗೆರಿ ಬಾವ್ಯಾಗ ಬಿದ್ದಂಗ ಬಿದ್ದದ. ಯಾರೋ ಕಡ್ಡಿ ಕಿತ್ತು ಹೊರಗ ಇಟ್ಟಾರ. ಮಣ್ಣು ಒಣಗೇದ ಅಂತ ತಿಳಕೊಂಡು ಪಂಪು ದಿನಾ ಸುರಕೋತ ಹೋತು. ಬೇರು ಕೊಳತು."

"ಈಗ ಕಡ್ಡಿ ಮಣ್ಣಾಗ ಐತೆಲ್ರಿ?" ಎಂದ ಬಂದೇಸಾಬ.

"ಅದನ್ನ ಹೇಳಾಕತ್ತೇನಿ. ಇವರು ಊರಿಂದ ಬಂದು ಬೀಗ ತಗದ ಹೊತ್ತಿಗೆ ಗೆರಿ ಒಮ್ಮೆಲೆ ಮ್ಯಾಲ ಎದ್ದದ. ಕಡ್ಡಿ ತಿರುಗಿ ಊರಿದ್ದು ಆವಾಗ. ನೀ ಇನ್ನೂ ಬಂದಿರಲಿಲ್ಲ. ಪದ್ಮಜಾ ಹೊರಗಿದ್ಲು. ಹಾನಗಲ್ಲಿಂದ ಯಲವಿಗಿಗೆ ಹೋಗೋ ದಾರ್ಯಾಗ ಸವಣೂರು ಬರ್ತದ, ಹೌದಲ್ಲೋ ಸುಮೇಧ?"

ಸುಮೇಧ ಕಿಟಕಿಯತ್ತ ತಿರುಗಿ ಒಪ್ಪಿಕೊಂಡ.

"ಇದು ನಮ್ಮವ್ವ ಇರ್ತಿದ್ದ ಕೋಣಿರಿ. ಹಾಸಿಗಿ ಹಿಡದ ಮ್ಯಾಲ ಈ ಕಿಡಕಿನೇ ಆಕಿ ಜಗತ್ತಾಗಿತ್ತು. ಬಳ್ಳಿಗೆ ಬೆಳಕು ಬೇಕಂತ ಆಕಿನ್ನ ನಡುಮನಿಗೆ ಹಾಕಿದ್ವಿ. ಸಾಯೋತನಕ ಕಿಡಕಿ ಕೇಳಿದ್ಲು."

"ನೀವೂ ಹೂಂ ಅಂದಿದ್ರಲ್ಲ!" ಪದ್ಮಜಾ ಚೀರಿದಳು.

"ಅಂದಿದ್ದೆ. ಆಕಿ ಮಂಚಾನೂ ನಾನ ಎತ್ತಿದೆ."

ಬಂದೇಸಾಬ ಎದ್ದು ನಿಂತ. "ಒಂದ ಕುಡಿನರ ನನಗ ತಿರುಗಿ ಕೊಡಬಾರದಾಗಿತ್ತೇನ್ರಿ, ಸಾಹೇಬ್ರ?"



"ತಪ್ಪಾತು, ಬಂದೇಸಾಬ," ಎಂದಳು ಪದ್ಮಜಾ.

"ಬಳ್ಳಿ ಸತ್ತಾವಂತ ಕೇಳಿ ಓಡಿ ಬಂದೆ, ಅಕ್ಕಾರ. ಓಣಿ ಮಂದಿ ಮುಂದ ನೀವು ನನ್ನ ಕೊಲಿಗಾರ ಅಂದ್ರಿ. ಅವರನ್ನೆಲ್ಲಾ ಮತ್ತ ಕರದು ಇದನ್ನ ಹೇಳ್ತೀರೇನು?"

ಪದ್ಮಜಾ ಬಾಗಿ ಕುಂಡದ ತಟ್ಟೆಯ ನೀರು ಚೆಲ್ಲತೊಡಗಿದಳು. ಅವನು ಹೊರಟುಹೋದ.

ದಾರಿಯಲ್ಲಿ ನಾನೆಂದೆ, "ಬಂದೇಸಾಬಗ ನ್ಯಾಯ ಸಿಗಬೇಕಲ್ರಿ. ಒಂದು ಕೇಸು ಹಾಕೋಣೇನು?"

"ಯಾರ ಮ್ಯಾಲ ಹಾಕ್ತಿ, ಶೀಲಾ? ಬಳ್ಳಿ ಕೊಂದವನ ಮ್ಯಾಲೋ, ಕೊಲಿಗಾರ ಅಂದಾಕಿ ಮ್ಯಾಲೋ?" ಎಂದರು ಗಂಗಾಬಾಯಿ.

ಬಂದೇಸಾಬ ಈಗ ತೋಟದಲ್ಲಿ ಮೆಣಸಿನಕಾಯಿ ಬೆಳೆಯುತ್ತಾನೆ. ಪದ್ಮಜಾ ಎದುರಾದರೆ ನಮಸ್ಕಾರ ಮಾಡುತ್ತಾನೆ, ನಿಲ್ಲುವುದಿಲ್ಲ.